ಒಂದೇ ಬೈಬಲ್, ಎರಡು ಸೇನೆ

1861ರ ಫೆಬ್ರುವರಿ 11ರ ಬೆಳಗ್ಗೆ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ರೈಲು ನಿಲ್ದಾಣದಲ್ಲಿ ಜಿಟಿಜಿಟಿ ಮಳೆ. ಊರಿನ ವಕೀಲನೊಬ್ಬ ಅಧ್ಯಕ್ಷ ಪದವಿ ವಹಿಸಿಕೊಳ್ಳಲು ವಾಷಿಂಗ್ಟನ್ನಿಗೆ ಹೊರಟಿದ್ದ. ರೈಲಿನ ಕೊನೆಯ ಡಬ್ಬಿಯ ಹಿಂಬದಿಯಲ್ಲಿ ನಿಂತು ಅಬ್ರಹಾಂ ಲಿಂಕನ್ ಬೀಳ್ಕೊಡಲು ಬಂದವರಿಗೆ ಕೆಲವೇ ಮಾತು ಹೇಳಿದ. ತನ್ನ ಮುಂದಿರುವ ಹೊಣೆ ಜಾರ್ಜ್ ವಾಷಿಂಗ್ಟನ್ ಹೊತ್ತದ್ದಕ್ಕಿಂತಲೂ ದೊಡ್ಡದು. ಅಂದು ಅವನ ಕೈಹಿಡಿದ ದೇವರ ನೆರವಿಲ್ಲದೆ ತಾನು ಗೆಲ್ಲಲಾರೆ, ಆ ನೆರವಿದ್ದರೆ ಸೋಲಲಾರೆ. ತನಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಂಡ. ರೈಲು ಹೊರಟಿತು.

ಅದೇ ದಿನ, ಮಿಸಿಸಿಪ್ಪಿ ನದಿಯ ದಂಡೆಯಲ್ಲಿದ್ದ ಬ್ರೈರ್‌ಫೀಲ್ಡ್ ಎಂಬ ತನ್ನ ಹತ್ತಿ ಎಸ್ಟೇಟಿನಿಂದ ಜೆಫರ್ಸನ್ ಡೇವಿಸ್ ಕೂಡ ಪ್ರಯಾಣ ಹೊರಟ. ಒಕ್ಕೂಟದಿಂದ ಸಿಡಿದು ಬೇರೆಯಾದ ದಕ್ಷಿಣದ ರಾಜ್ಯಗಳು ಅವನನ್ನು ತಮ್ಮ ಅಧ್ಯಕ್ಷನನ್ನಾಗಿ ಆರಿಸಿದ್ದವು. ಒಂದು ವಾರದ ಬಳಿಕ, 18ರಂದು, ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಅವನು ಪ್ರಮಾಣವಚನ ಸ್ವೀಕರಿಸಿದ. ಭಾಷಣದ ಕೊನೆಗೆ ತಮ್ಮ ಪೂರ್ವಿಕರ ದೇವರೇ ತಮಗೆ ದಾರಿ ತೋರಿಸಿ ಕಾಪಾಡಲಿ ಎಂದು ಬೇಡಿಕೊಂಡ.

ಇಬ್ಬರೂ ಹುಟ್ಟಿದ್ದು ಕೆಂಟಕಿ ರಾಜ್ಯದಲ್ಲೇ. ಡೇವಿಸ್ 1808ರ ಜೂನ್‌ನಲ್ಲಿ, ಲಿಂಕನ್ 1809ರ ಫೆಬ್ರುವರಿಯಲ್ಲಿ. ಇಬ್ಬರೂ ಕೇಳಿ ಬೆಳೆದದ್ದು ಒಂದೇ ಇಂಗ್ಲಿಷ್ ಬೈಬಲ್ಲಿನ ಮಾತು. ಮುಂದಿನ ನಾಲ್ಕು ವರ್ಷ ಇಬ್ಬರೂ ತಂತಮ್ಮ ಜನರ ಮುಂದೆ ನಿಂತು ಆ ಒಂದೇ ದೇವರ ಹೆಸರೆತ್ತಿ ಮಾತಾಡಿದರು. ಆ ಅವಧಿಯಲ್ಲಿ ಕಡಿಮೆಯೆಂದರೂ 6,20,000 ಸೈನಿಕರು ಸತ್ತರು. 2011ರ ಒಂದು ಲೆಕ್ಕಾಚಾರ ಆ ಸಂಖ್ಯೆಯನ್ನು ಏಳೂವರೆ ಲಕ್ಷದ ಹತ್ತಿರಕ್ಕೆ ಒಯ್ಯುತ್ತದೆ. ಯುದ್ಧಕಾಲದಲ್ಲಿ ನಾಯಕರು ದೇವರನ್ನು ಕರೆಯುವುದು ಹೊಸದೇನಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಗಮನಿಸಬೇಕಾದದ್ದು, ದೇವರ ಎದುರಿನ ಕಟಕಟೆಯಲ್ಲಿ ಯಾವ ನಾಯಕ ಯಾರನ್ನು ನಿಲ್ಲಿಸಿದ ಎಂಬುದನ್ನು.

ದೇಶಕ್ಕೂ ಮೊದಲು ಒಡೆದ ಚರ್ಚುಗಳು

ರಾಜ್ಯಗಳು ಬೇರೆಯಾಗುವುದಕ್ಕೆ ಹದಿನೈದು ವರ್ಷ ಮೊದಲೇ ಚರ್ಚುಗಳು ಬೇರೆಯಾಗಿದ್ದವು. ಜಾರ್ಜಿಯಾದ ಬಿಷಪ್ ಜೇಮ್ಸ್ ಆಂಡ್ರ್ಯೂ ಗುಲಾಮರ ಒಡೆಯನಾಗಿದ್ದುಕೊಂಡು ಬಿಷಪ್ ಆಗಿ ಮುಂದುವರಿಯಬಹುದೇ ಎಂಬ ಜಗಳದಲ್ಲಿ 1844ರಲ್ಲಿ ಮೆಥಡಿಸ್ಟ್ ಚರ್ಚು ಇಬ್ಭಾಗವಾಯಿತು. ಗುಲಾಮರನ್ನು ಇಟ್ಟುಕೊಂಡವರು ಮಿಷನರಿಗಳಾಗಬಹುದೇ ಎಂಬ ಪ್ರಶ್ನೆಯ ಮೇಲೆ ಮರುವರ್ಷವೇ ಬ್ಯಾಪ್ಟಿಸ್ಟರು ಒಡೆದರು. ದಕ್ಷಿಣದವರು ಜಾರ್ಜಿಯಾದ ಅಗಸ್ಟಾದಲ್ಲಿ ಸೇರಿ ತಮ್ಮದೇ ಸಂಘಟನೆ ಕಟ್ಟಿಕೊಂಡರು. ಹೀಗೆ ದೇಶದ ಎರಡು ಬಹುದೊಡ್ಡ ಪಂಗಡಗಳಲ್ಲಿ ಉತ್ತರದ ಭಕ್ತ ಮತ್ತು ದಕ್ಷಿಣದ ಭಕ್ತ ಒಂದೇ ಸಭೆಯಲ್ಲಿ ಕೂತು ವಾದಿಸುವ ಅವಕಾಶವೇ ಇಲ್ಲವಾಯಿತು. ಎರಡು ಕಡೆಯವರೂ ತಮ್ಮ ತಮ್ಮ ಪೀಠಗಳಿಂದ ತಮಗೆ ಒಪ್ಪುವ ಉಪದೇಶವನ್ನೇ ಕೇಳುತ್ತ ಬಂದರು.

ಲಿಂಕನ್ ಚುನಾವಣೆ ಗೆದ್ದ ಮೂರು ವಾರಕ್ಕೆ, 1860ರ ನವೆಂಬರ್ 29ರಂದು, ನ್ಯೂ ಆರ್ಲಿಯನ್ಸಿನ ಪ್ರೆಸ್ಬಿಟೀರಿಯನ್ ಪಾದ್ರಿ ಬೆಂಜಮಿನ್ ಪಾಮರ್ ಒಂದು ಉಪದೇಶ ಮಾಡಿದ. ಗುಲಾಮಗಿರಿಯನ್ನು ಉಳಿಸಿ ಮುಂದಿನ ಪೀಳಿಗೆಗೆ ಒಪ್ಪಿಸುವುದು ದೇವರೇ ದಕ್ಷಿಣದವರಿಗೆ ವಹಿಸಿರುವ ಕರ್ತವ್ಯ ಎಂಬುದು ಅದರ ಸಾರ. ಅದು ಕರಪತ್ರವಾಗಿ ಅಚ್ಚಾಗಿ ದಕ್ಷಿಣದ ಉದ್ದಗಲಕ್ಕೂ ಹರಡಿತು. ಪಾದ್ರಿಯ ಮಾತು ರಾಜಕಾರಣಿಯ ಬಾಯಿಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1861ರ ಮಾರ್ಚ್ 21ರಂದು ಸವಾನ್ನಾ ನಗರದಲ್ಲಿ ದಕ್ಷಿಣದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ತುಂಬಿದ ಸಭೆಯಲ್ಲಿ ಮಾತಾಡಿದ. ಕರಿಯರು ಬಿಳಿಯರಿಗೆ ಸಮನಲ್ಲ ಎಂಬುದೇ ತಮ್ಮ ಹೊಸ ಸರ್ಕಾರದ ಮೂಲೆಗಲ್ಲು ಎಂದು ಸಾರಿದ. ಪ್ರಕೃತಿಯ ನಿಯಮವನ್ನೂ, ಬೈಬಲ್ಲಿನಲ್ಲಿ ಬರುವ ಕಾನಾನನ ಮೇಲಿನ ಶಾಪವನ್ನೂ ಅದಕ್ಕೆ ಆಧಾರವಾಗಿ ಕೊಟ್ಟ.

ಅದೇ ತಿಂಗಳು ಅಂಗೀಕಾರವಾದ ದಕ್ಷಿಣದ ಸಂವಿಧಾನದ ಪೀಠಿಕೆಯಲ್ಲಿ ಸರ್ವಶಕ್ತ ದೇವರ ಕೃಪೆ ಮತ್ತು ಮಾರ್ಗದರ್ಶನಕ್ಕೆ ಮೊರೆ ಇತ್ತು. 1787ರ ಮೂಲ ಸಂವಿಧಾನದ ಪೀಠಿಕೆಯಲ್ಲಿ ದೇವರ ಹೆಸರೇ ಇರಲಿಲ್ಲ. ಒಕ್ಕೂಟದವರು ಮರೆತ ದೇವರನ್ನು ತಾವು ನೆನೆದಿದ್ದೇವೆ ಎಂದು ದಕ್ಷಿಣದ ಪಾದ್ರಿಗಳು ಹೆಮ್ಮೆಯಿಂದ ಹೇಳಿಕೊಂಡರು. ಎರಡು ವರ್ಷದ ನಂತರ ಬಂದ ರಾಜಮುದ್ರೆಯಲ್ಲಿ ಲ್ಯಾಟಿನ್ ಭಾಷೆಯ ಎರಡು ಪದಗಳಿದ್ದವು: ಡಿಯೊ ವಿಂಡಿಸೆ. ದೇವರೇ ನಮ್ಮ ರಕ್ಷಕ, ನಮ್ಮ ನ್ಯಾಯವನ್ನು ಎತ್ತಿಹಿಡಿಯುವವನು ಎಂಬರ್ಥ.

ಈ ಎಲ್ಲ ಮಾತಿನ ತಳದಲ್ಲಿ ಇದ್ದದ್ದು ಹತ್ತಿ. 1860ರ ಜನಗಣತಿಯ ಪ್ರಕಾರ ಅಮೆರಿಕದ 3 ಕೋಟಿ 10 ಲಕ್ಷ ಜನರಲ್ಲಿ ಸುಮಾರು 40 ಲಕ್ಷ ಮಂದಿ ಗುಲಾಮರು. ಅವರ ದುಡಿಮೆಯಿಂದ ಬೆಳೆದ ಹತ್ತಿ ಇಂಗ್ಲೆಂಡಿನ ಗಿರಣಿಗಳನ್ನು ನಡೆಸುತ್ತಿತ್ತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದಾಗ ಅದರ ಬಿಸಿ ಕನ್ನಡ ನಾಡಿಗೂ ತಟ್ಟಿತು. ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಆ ಹತ್ತಿಯಲ್ಲಿ ಒಂದು ಬಗೆಗೆ ‘ಧಾರವಾಡ-ಅಮೆರಿಕನ್’ ಎಂದೇ ಹೆಸರು. 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ಕಡೆಯ ಬೀಜದಿಂದ ಇಲ್ಲಿ ಬೇರೂರಿದ ತಳಿ ಅದು.

ಉಪವಾಸದ ದಿನಗಳು

ಇಡೀ ಸಮುದಾಯ ಒಂದು ದಿನ ಕೆಲಸ ನಿಲ್ಲಿಸಿ, ಉಪವಾಸವಿದ್ದು, ಚರ್ಚಿನಲ್ಲಿ ಸೇರಿ ತಪ್ಪೊಪ್ಪಿಕೊಳ್ಳುವ ಪದ್ಧತಿ ಅಮೆರಿಕಕ್ಕೆ ಪ್ಯೂರಿಟನ್ನರ ಕಾಲದಿಂದ ಬಂದದ್ದು. ಅದು ಮುಖ್ಯವಾಗಿ ಉತ್ತರದ ನ್ಯೂ ಇಂಗ್ಲೆಂಡಿನ ಸಂಪ್ರದಾಯ. ಯುದ್ಧ ಶುರುವಾದ ಮೇಲೆ ಅದನ್ನು ಹೆಚ್ಚು ಬಳಸಿದ್ದು ಮಾತ್ರ ದಕ್ಷಿಣ. 1861ರ ಜೂನ್ 13ಕ್ಕೆಂದು ಡೇವಿಸ್ ಮೊದಲ ರಾಷ್ಟ್ರೀಯ ಉಪವಾಸಕ್ಕೆ ಕರೆ ಕೊಟ್ಟ. ಯುದ್ಧ ಮುಗಿಯುವುದರೊಳಗೆ ಅಂಥ ಕರೆಗಳು ಹತ್ತರ ಹತ್ತಿರಕ್ಕೆ ಬಂದವು. ಲಿಂಕನ್ ಕರೆ ಕೊಟ್ಟ ಉಪವಾಸಗಳು ಮೂರು.

ಈ ಕರೆಗಳಿಗೆ ಒಂದು ಲೆಕ್ಕಾಚಾರವಿತ್ತು. ಗೆದ್ದರೆ ದೇವರು ನಮ್ಮ ಕಡೆ ಎಂದು ಕೃತಜ್ಞತೆಯ ದಿನ. ಸೋತರೆ ದೇವರು ತನ್ನ ಪ್ರಿಯರನ್ನು ಶಿಕ್ಷಿಸಿ ತಿದ್ದುತ್ತಿದ್ದಾನೆ ಎಂದು ಉಪವಾಸದ ದಿನ. ಯುದ್ಧಭೂಮಿಯಿಂದ ಯಾವ ಸುದ್ದಿ ಬಂದರೂ ತಾವು ದೇವರಿಗೆ ಬೇಕಾದವರೆಂಬ ನಂಬಿಕೆಗೆ ಧಕ್ಕೆ ಬರುವಂತಿರಲಿಲ್ಲ. 1862ರ ಆಗಸ್ಟ್ ಕೊನೆಯಲ್ಲಿ ದಕ್ಷಿಣದ ಸೇನೆ ಮನಾಸಸ್‌ನಲ್ಲಿ ಎರಡನೆಯ ಸಲ ಗೆದ್ದಾಗ ಡೇವಿಸ್ ಸೆಪ್ಟೆಂಬರ್ 18 ಅನ್ನು ಕೃತಜ್ಞತೆಯ ದಿನವೆಂದು ಗೊತ್ತುಮಾಡಿದ. ಅದರ ಹಿಂದಿನ ದಿನವೇ ಮೇರಿಲ್ಯಾಂಡಿನ ಆ್ಯಂಟೀಟಮ್ ಹೊಳೆಯ ದಂಡೆಯಲ್ಲಿ ಕಾಳಗ ನಡೆದು, ಎರಡೂ ಕಡೆ ಸೇರಿ ಸುಮಾರು 23,000 ಮಂದಿ ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು. ದಕ್ಷಿಣದ ನಗರಗಳಲ್ಲಿ ಸ್ತೋತ್ರ ಹಾಡುತ್ತಿದ್ದ ಹೊತ್ತಿಗೆ ಆ ಹೊಲಗಳಲ್ಲಿ ಹೆಣಗಳು ಬಿದ್ದಿದ್ದವು.

ಮರುವರ್ಷದ ಮಾರ್ಚ್ 27ರಂದು ಮತ್ತೊಂದು ಉಪವಾಸ. ಆ ಹೊತ್ತಿಗೆ ರಾಜಧಾನಿ ರಿಚ್ಮಂಡ್‌ನಲ್ಲಿ ಗೋಧಿಹಿಟ್ಟಿನ ಬೆಲೆ ಬಡವರ ಕೈಗೆ ಎಟುಕದಷ್ಟು ಏರಿತ್ತು. ಹೊಟ್ಟೆಗಿಲ್ಲದವರಿಗೆ ಉಪವಾಸದ ಉಪದೇಶ ಕೊಟ್ಟು ಒಂದು ವಾರ ತುಂಬುವ ಮೊದಲೇ, ಏಪ್ರಿಲ್ 2ರಂದು, ನಗರದ ಹೆಂಗಸರು ರೊಟ್ಟಿ ಬೇಕೆಂದು ಕೂಗುತ್ತ ಬೀದಿಗಿಳಿದು ಅಂಗಡಿಗಳಿಗೆ ನುಗ್ಗಿದರು. ಡೇವಿಸ್ ತಾನೇ ಸ್ಥಳಕ್ಕೆ ಬಂದು, ಜೇಬಿನಲ್ಲಿದ್ದ ಹಣವನ್ನು ಗುಂಪಿನತ್ತ ಎಸೆದು, ಚದುರದಿದ್ದರೆ ಗುಂಡು ಹಾರಿಸುವುದಾಗಿ ಎಚ್ಚರಿಸಿದ. ಜುಲೈಯಲ್ಲಿ ಗೆಟಿಸ್‌ಬರ್ಗ್ ಸೋಲು, ವಿಕ್ಸ್‌ಬರ್ಗ್ ಶರಣಾಗತಿ. ಆಗಸ್ಟ್ 21ಕ್ಕೆ ಇನ್ನೊಂದು ಉಪವಾಸ.

ಈ ದಿನಗಳಲ್ಲಿ ದಕ್ಷಿಣದ ಜನ ತಪ್ಪೊಪ್ಪಿಕೊಳ್ಳಲಿಲ್ಲ ಎನ್ನುವಂತಿಲ್ಲ. ಅಹಂಕಾರ, ದುರಾಸೆ, ಕುಡಿತ, ಕಾಳಸಂತೆ ಎಲ್ಲವನ್ನೂ ಪಾದ್ರಿಗಳು ಪಟ್ಟಿಮಾಡಿ ಜರೆದರು. ಪಟ್ಟಿಯಲ್ಲಿ ಇಲ್ಲದ್ದು ಒಂದೇ, ಗುಲಾಮಗಿರಿ. ಅದರ ಹತ್ತಿರಕ್ಕೆ ಬಂದ ಕೆಲವರೂ ಇದ್ದರು. ಉತ್ತರ ಕೆರೊಲಿನಾದ ಕ್ಯಾಲ್ವಿನ್ ವೈಲಿ ಮತ್ತು ಮಿಸಿಸಿಪ್ಪಿಯ ಪಾದ್ರಿ ಜೇಮ್ಸ್ ಲಯನ್, ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಬೇಕು, ಅವರಿಗೆ ಬೈಬಲ್ ಓದಲು ಬಿಡಬೇಕು, ಇಲ್ಲವಾದರೆ ದೇವರ ಕೋಪ ತಣಿಯದು ಎಂದು ವಾದಿಸಿದರು. ಗುಲಾಮರನ್ನು ನಡೆಸಿಕೊಳ್ಳುವ ರೀತಿಯನ್ನು ತಿದ್ದಬೇಕೆಂಬಲ್ಲಿಗೆ ಅವರ ಧೈರ್ಯ ನಿಂತಿತು. ಅಷ್ಟು ತಿದ್ದುಪಡಿಯನ್ನೂ ರಾಜ್ಯಗಳ ಶಾಸನಸಭೆಗಳು ಒಪ್ಪಲಿಲ್ಲ.

ಡೇವಿಸ್‌ನ ಭಕ್ತಿ ಬರೀ ತೋರಿಕೆಯದು ಎನ್ನಲು ಆಧಾರವಿಲ್ಲ. 1862ರ ಮೇ ತಿಂಗಳಲ್ಲಿ, ಶತ್ರುಸೇನೆ ನಗರದ ಹೊಸ್ತಿಲಿಗೆ ಬಂದಿದ್ದಾಗ, ಅವನು ರಿಚ್ಮಂಡ್‌ನ ಸೇಂಟ್ ಪಾಲ್ಸ್ ಚರ್ಚಿನ ಸದಸ್ಯನಾದ. 1864ರ ಏಪ್ರಿಲ್ 30ರಂದು ಅವನ ಐದು ವರ್ಷದ ಮಗ ಜೋಸೆಫ್ ಮನೆಯ ಮೊಗಸಾಲೆಯಿಂದ ಬಿದ್ದು ಸತ್ತಾಗ, ಆ ತಂದೆ ರಾತ್ರಿಯಿಡೀ ಪ್ರಾರ್ಥಿಸುತ್ತ ಶತಪಥ ಹಾಕಿದ. ನಂಬಿಕೆ ನಿಜವಾದದ್ದೇ ಆಗಿತ್ತು. ಆ ನಂಬಿಕೆ ತನ್ನ ಕಡೆಯವರನ್ನು ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ಕೊನೆಯವರೆಗೂ ಕೇಳಲಿಲ್ಲ.

ಉತ್ತರದ ಉತ್ಸಾಹ

ಉತ್ತರದಲ್ಲೂ ದೇವರನ್ನು ತಮ್ಮ ಪಡೆಗೆ ಸೇರಿಸಿಕೊಳ್ಳುವ ಆತುರ ಕಡಿಮೆ ಇರಲಿಲ್ಲ. 1861ರ ನವೆಂಬರ್‌ನಲ್ಲಿ ಜೂಲಿಯಾ ವಾರ್ಡ್ ಹೌ ಬರೆದ ‘ಬ್ಯಾಟಲ್ ಹಿಮ್ ಆಫ್ ದ ರಿಪಬ್ಲಿಕ್’ ಮರುವರ್ಷದ ಫೆಬ್ರುವರಿಯಲ್ಲಿ ಪ್ರಕಟವಾಗಿ, ಒಕ್ಕೂಟದ ಸೇನೆಯ ನಡಿಗೆಯನ್ನೇ ದೇವರ ಆಗಮನವೆಂದು ಹಾಡಿಸಿತು. ಅದೇ ನವೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ಪಾದ್ರಿ ಮಾರ್ಕ್ ವಾಟ್ಕಿನ್ಸನ್ ಖಜಾನೆ ಕಾರ್ಯದರ್ಶಿ ಸಾಲ್ಮನ್ ಚೇಸ್‌ಗೆ ಪತ್ರ ಬರೆದ. ನಾಣ್ಯಗಳ ಮೇಲೆ ದೇವರ ಹೆಸರಿಲ್ಲ, ನಾಳೆ ಈ ದೇಶ ಅಳಿದುಹೋದರೆ ಮುಂದಿನವರು ನಮ್ಮನ್ನು ವಿಗ್ರಹಾರಾಧಕರೆಂದು ತಿಳಿದಾರು ಎಂಬುದು ಅವನ ಆತಂಕ. ಚೇಸ್ ಕೂಡಲೇ ಟಂಕಸಾಲೆಗೆ ಆದೇಶ ಕಳಿಸಿದ. 1864ರಲ್ಲಿ ಎರಡು ಸೆಂಟ್‌ನ ನಾಣ್ಯದ ಮೇಲೆ ‘ಇನ್ ಗಾಡ್ ವಿ ಟ್ರಸ್ಟ್’ ಮೊದಲ ಬಾರಿಗೆ ಅಚ್ಚಾಯಿತು.

ಕೆಲವು ಪಂಗಡದವರು ಇನ್ನೂ ಮುಂದೆ ಹೋಗಿ, ಕ್ರಿಸ್ತನ ಅಧಿಕಾರವನ್ನು ಒಪ್ಪುವ ಮಾತು ಸಂವಿಧಾನದ ಪೀಠಿಕೆಗೇ ಸೇರಬೇಕು ಎಂದು 1864ರಲ್ಲಿ ಲಿಂಕನ್‌ನನ್ನು ಭೇಟಿಯಾದರು. ಲಿಂಕನ್ ಸೌಜನ್ಯದಿಂದ ಕೇಳಿಸಿಕೊಂಡ. ತಿದ್ದುಪಡಿ ಬರಲಿಲ್ಲ.

ದೇಶವೆಲ್ಲ ಒಂದೇ ಮತದ್ದು ಎಂಬಂತೆ ಆಳುವವರು ಮಾತಾಡಿದಾಗ ಹೊರಗುಳಿಯುವವರು ಯಾರು ಎಂಬುದೂ ಈ ಯುದ್ಧದಲ್ಲಿ ಗೊತ್ತಾಯಿತು. 1861ರ ಕಾನೂನಿನ ಪ್ರಕಾರ ಸೇನೆಯ ಪುರೋಹಿತ ಕ್ರೈಸ್ತನೇ ಆಗಿರಬೇಕಿತ್ತು. ಯೆಹೂದಿ ಸೈನಿಕರ ಪರವಾಗಿ ಆರ್ನಾಲ್ಡ್ ಫಿಷೆಲ್ ಆ ಡಿಸೆಂಬರಿನಲ್ಲಿ ಲಿಂಕನ್‌ನನ್ನು ಕಂಡು ಮನವಿ ಮಾಡಿದ. 1862ರ ಜುಲೈನಲ್ಲಿ ಕಾನೂನು ಬದಲಾಯಿತು. ಅದೇ ವರ್ಷದ ಡಿಸೆಂಬರ್ 17ರಂದು ಜನರಲ್ ಯುಲಿಸಿಸ್ ಗ್ರಾಂಟ್, ಹತ್ತಿಯ ಕಳ್ಳವ್ಯಾಪಾರದ ನೆಪ ಹೇಳಿ, ತನ್ನ ಅಧಿಕಾರದ ಪ್ರದೇಶದಿಂದ ಯೆಹೂದಿಗಳೆಲ್ಲರೂ ಹೊರಹೋಗಬೇಕೆಂದು ಆಜ್ಞೆ ಹೊರಡಿಸಿದ. ಕೆಂಟಕಿಯ ಪಡೂಕಾದಿಂದ ಹೊರದಬ್ಬಿಸಿಕೊಂಡ ಸೀಸರ್ ಕ್ಯಾಸ್ಕೆಲ್ ನೇರ ವಾಷಿಂಗ್ಟನ್ನಿಗೆ ಬಂದು ದೂರು ಕೊಟ್ಟ. ಲಿಂಕನ್ ಆ ಆಜ್ಞೆಯನ್ನು ರದ್ದುಮಾಡಿಸಿದ.

ದಿನಾಂಕವಿಲ್ಲದ ಚೀಟಿ

ಲಿಂಕನ್ ಯಾವ ಚರ್ಚಿಗೂ ಸದಸ್ಯನಾಗಿ ಸೇರಿದವನಲ್ಲ. 1846ರಲ್ಲಿ ಕಾಂಗ್ರೆಸ್‌ಗೆ ಸ್ಪರ್ಧಿಸಿದಾಗ ಎದುರಾಳಿ ಪೀಟರ್ ಕಾರ್ಟ್‌ರೈಟ್ ಹೆಸರಾಂತ ಮೆಥಡಿಸ್ಟ್ ಪ್ರಚಾರಕ. ಲಿಂಕನ್ ನಾಸ್ತಿಕ ಎಂಬ ಗುಲ್ಲು ಎದ್ದಿತು. ತಾನು ಯಾವ ಚರ್ಚಿನ ಸದಸ್ಯನೂ ಅಲ್ಲ, ಹಾಗೆಂದು ಧರ್ಮಗ್ರಂಥದ ಸತ್ಯವನ್ನು ಎಂದೂ ಅಲ್ಲಗಳೆದಿಲ್ಲ ಎಂದು ಅವನು ಕರಪತ್ರ ಹಂಚಿ ಉತ್ತರಿಸಬೇಕಾಯಿತು. ಚುನಾವಣೆ ಗೆದ್ದ. ಧರ್ಮದ ಮಾತು ಮತಗಳ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದ.

1862 ಅವನ ಪಾಲಿಗೆ ಕಠಿಣ ವರ್ಷ. ಫೆಬ್ರುವರಿ 20ರಂದು ಹನ್ನೊಂದು ವರ್ಷದ ಮಗ ವಿಲ್ಲಿ ಜ್ವರದಿಂದ ಶ್ವೇತಭವನದಲ್ಲೇ ತೀರಿಕೊಂಡ. ಬೇಸಗೆಯಲ್ಲಿ ಸೇನೆ ಸೋಲಿನ ಮೇಲೆ ಸೋಲು ಕಂಡಿತು. ಗುಲಾಮರ ಬಿಡುಗಡೆಯ ಘೋಷಣೆಯ ಕರಡು ಮೇಜಿನ ಖಾನೆಯಲ್ಲಿತ್ತು. ಹೊರಗಿನವರಿಗೆ ಅದರ ಸುಳಿವಿರಲಿಲ್ಲ. ಸೆಪ್ಟೆಂಬರ್ 13ರಂದು ಶಿಕಾಗೊದ ಚರ್ಚುಗಳ ಪ್ರತಿನಿಧಿಗಳು ಬಂದು, ಗುಲಾಮರನ್ನು ಬಿಡಿಸುವುದು ದೇವರ ಇಚ್ಛೆ ಎಂದು ಒತ್ತಾಯಿಸಿದರು. ಲಿಂಕನ್ ಉತ್ತರ ನೇರವಾಗಿತ್ತು. ಒಂದಕ್ಕೊಂದು ತೀರಾ ವಿರುದ್ಧವಾದ ಸಲಹೆಗಳನ್ನು ಹಿಡಿದು ಬರುವ ಧಾರ್ಮಿಕರೆಲ್ಲರೂ ದೇವರ ಇಚ್ಛೆ ತಮಗೇ ಗೊತ್ತೆಂದು ಅಷ್ಟೇ ಖಚಿತವಾಗಿ ಹೇಳುತ್ತಾರೆ. ತನ್ನ ಕರ್ತವ್ಯಕ್ಕೆ ಸಂಬಂಧಿಸಿದ ಇಂಥ ವಿಷಯವನ್ನು ದೇವರು ಬೇರೆಯವರಿಗೆ ತಿಳಿಸುವುದಾದರೆ, ತನಗೇ ನೇರವಾಗಿ ತಿಳಿಸಬಹುದಿತ್ತಲ್ಲವೇ ಎಂದು ಕೇಳಿದ.

ಅವನು ತನಗಾಗಿಯೇ ಬರೆದುಕೊಂಡ ದಿನಾಂಕವಿಲ್ಲದ ಚೀಟಿಯೊಂದು ನಂತರ ಅವನ ಕಾಗದಪತ್ರಗಳಲ್ಲಿ ಸಿಕ್ಕಿತು. ಅದು ಆ ಸೆಪ್ಟೆಂಬರಿನದೆಂದು ಅವನ ಕಾರ್ಯದರ್ಶಿಗಳಾದ ನಿಕೊಲೇ ಮತ್ತು ಹೇ ಗುರುತಿಸಿದರು. ಭಾಷಣಕ್ಕೆಂದು ಬರೆದದ್ದಲ್ಲ, ಯಾರಿಗೂ ತೋರಿಸಿದ್ದಲ್ಲ. ದೊಡ್ಡ ಹೋರಾಟಗಳಲ್ಲಿ ಎರಡು ಪಕ್ಷಗಳೂ ತಾವು ದೇವರ ಇಚ್ಛೆಯಂತೆ ನಡೆಯುತ್ತಿದ್ದೇವೆ ಎನ್ನುತ್ತವೆ. ಇಬ್ಬರೂ ತಪ್ಪಿರಬಹುದು, ಒಬ್ಬರಂತೂ ತಪ್ಪಿರಲೇಬೇಕು. ಈ ಯುದ್ಧದಲ್ಲಿ ದೇವರ ಉದ್ದೇಶ ಇಬ್ಬರ ಉದ್ದೇಶಕ್ಕಿಂತಲೂ ಬೇರೆಯೇ ಆಗಿರುವುದು ಸಾಧ್ಯ ಎಂಬ ತರ್ಕ ಅದರಲ್ಲಿದೆ. ಯುದ್ಧ ನಡೆಸುತ್ತಿರುವ ಸೇನೆಯ ದಂಡನಾಯಕನೇ ಬರೆದುಕೊಂಡ ಮಾತಿದು.

ಇಷ್ಟಾಗಿಯೂ ಲಿಂಕನ್ ದೈವದ ಸೂಚನೆಗೆ ಕಾಯದವನೇನಲ್ಲ. ಆ್ಯಂಟೀಟಮ್‌ನಿಂದ ದಕ್ಷಿಣದ ಸೇನೆ ಹಿಂದೆ ಸರಿದ ಮೇಲೆ, ಸೆಪ್ಟೆಂಬರ್ 22ರಂದು ಮಂತ್ರಿಗಳನ್ನು ಕರೆಸಿ, ಶತ್ರುವನ್ನು ಮೇರಿಲ್ಯಾಂಡಿನಿಂದ ಓಡಿಸಿದರೆ ಬಿಡುಗಡೆಯ ಘೋಷಣೆ ಹೊರಡಿಸುವುದಾಗಿ ತಾನು ದೇವರಿಗೆ ಮಾತು ಕೊಟ್ಟಿದ್ದೆ ಎಂದ. ಚೇಸ್ ಮತ್ತು ನೌಕಾ ಕಾರ್ಯದರ್ಶಿ ಗಿಡಿಯನ್ ವೆಲ್ಸ್ ಇಬ್ಬರೂ ಇದನ್ನು ತಮ್ಮ ದಿನಚರಿಗಳಲ್ಲಿ ದಾಖಲಿಸಿದ್ದಾರೆ. ಆದರೆ ಆ ಹರಕೆ ನಾಲ್ಕು ಗೋಡೆಗಳ ಒಳಗೇ ಉಳಿಯಿತು. 1863ರ ಜನವರಿ 1ರ ಘೋಷಣೆ ಕಾನೂನಿನ ಒಣ ಭಾಷೆಯಲ್ಲಿದೆ. ಕೊನೆಯಲ್ಲಿ ದೇವರ ಕೃಪೆಯನ್ನು ಕೋರುವ ವಾಕ್ಯ ಸೇರಿದ್ದು ಚೇಸ್‌ನ ಸಲಹೆಯಿಂದ.

ಆ ಘೋಷಣೆಯ ಹಿಂದಿನ ರಾತ್ರಿ ಕರಿಯರ ಚರ್ಚುಗಳಲ್ಲಿ ಜನ ನಿದ್ದೆಗೆಟ್ಟು ಪ್ರಾರ್ಥಿಸುತ್ತ ಕಾದರು. ಈ ಯುದ್ಧದಲ್ಲಿ ದೇವರನ್ನು ಕರೆಯುತ್ತಿದ್ದವರು ಇಬ್ಬರು ಅಧ್ಯಕ್ಷರು ಮಾತ್ರ ಅಲ್ಲ. ಓದುವುದನ್ನೇ ಕಾನೂನು ತಡೆದಿದ್ದ ಜನ, ಈಜಿಪ್ಟಿನ ಜೀತದಿಂದ ಇಸ್ರೇಲರನ್ನು ಬಿಡಿಸಿದ ಮೋಶೆಯ ಕತೆಯನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು, ಅದು ತಮ್ಮದೇ ಕತೆಯೆಂದು ಎರಡು ತಲೆಮಾರಿಗೂ ಮಿಕ್ಕಿ ನಂಬಿದ್ದರು.

ಏಳು ನಿಮಿಷ

1865ರ ಮಾರ್ಚ್ 4, ಲಿಂಕನ್ ಎರಡನೆಯ ಸಲ ಪ್ರಮಾಣವಚನ ಸ್ವೀಕರಿಸುವ ದಿನ. ವಾಷಿಂಗ್ಟನ್ನಿನಲ್ಲಿ ಬೆಳಗಿನಿಂದ ಮಳೆ, ಬೀದಿಗಳಲ್ಲಿ ಕಾಲು ಹೂಳುವಷ್ಟು ಕೆಸರು. ಸೆನೆಟ್ ಸಭಾಂಗಣದಲ್ಲಿ ಹೊಸ ಉಪಾಧ್ಯಕ್ಷ ಆ್ಯಂಡ್ರ್ಯೂ ಜಾನ್ಸನ್ ಕುಡಿದು ಬಂದು ತೊದಲುತ್ತ ಮಾತಾಡಿ ಎಲ್ಲರಿಗೂ ಮುಜುಗರ ತಂದ. ಅಲ್ಲಿಂದ ಎಲ್ಲರೂ ಸಂಸತ್ ಭವನದ ಪೂರ್ವದ ಮೊಗಸಾಲೆಗೆ ಬಂದರು. ಲಿಂಕನ್ ಮಾತಿಗೆ ಎದ್ದು ನಿಂತಾಗ ಮೋಡ ಸರಿದು ಬಿಸಿಲು ಬಿತ್ತು ಎಂದು ನೋಡಿದವರು ಹಲವರು ಬರೆದಿದ್ದಾರೆ. ಗುಂಪಿನಲ್ಲಿ ಬಹಳ ಮಂದಿ ಕರಿಯರಿದ್ದರು. ನಟ ಜಾನ್ ವಿಲ್ಕ್ಸ್ ಬೂತ್ ಕೂಡ ಇದ್ದ.

ಗೆಲುವು ಕೈಗೆಟುಕುವ ದೂರದಲ್ಲಿತ್ತು. ಉತ್ತರದ ಜನರಲ್ ಶೆರ್ಮನ್‌ನ ಸೇನೆ ಕೆರೊಲಿನಾಗಳನ್ನು ಹಾಯುತ್ತಿತ್ತು, ಗ್ರಾಂಟ್‌ನ ಸೇನೆ ಪೀಟರ್ಸ್‌ಬರ್ಗಿನ ಸುತ್ತ ಬಿಗಿದುಕೊಂಡಿತ್ತು. ಗೆದ್ದ ನಾಯಕ ದೇವರು ನಮ್ಮ ಕಡೆ ಇದ್ದಾನೆ ಎಂದು ಸಾರುತ್ತಾನೆಂದು ಜನ ಕಾದಿದ್ದರೆ ಅದು ಸಹಜವೇ. ಲಿಂಕನ್ ಹೇಳಿದ್ದು ಸುಮಾರು 700 ಪದ, ಆರೇಳು ನಿಮಿಷ. ಯುದ್ಧದ ಗೆಲುವುಗಳನ್ನು ಒಂದೇ ವಾಕ್ಯದಲ್ಲಿ ದಾಟಿಬಿಟ್ಟ. ದೇಶದ ಜನರಲ್ಲಿ ಎಂಟನೆಯ ಒಂದು ಪಾಲು ಗುಲಾಮರು, ಈ ಯುದ್ಧಕ್ಕೆ ಹೇಗೋ ಅದೇ ಕಾರಣವೆಂದು ಎಲ್ಲರಿಗೂ ಗೊತ್ತಿತ್ತು ಎಂದ. ಎರಡೂ ಕಡೆಯವರು ಓದುವುದು ಅದೇ ಬೈಬಲ್, ಪ್ರಾರ್ಥಿಸುವುದು ಅದೇ ದೇವರನ್ನು, ಒಬ್ಬರ ವಿರುದ್ಧ ಇನ್ನೊಬ್ಬರು ಅವನ ನೆರವು ಕೇಳುತ್ತಾರೆ ಎಂದ.

ಈ ಮಾತು ಅಕ್ಷರಶಃ ನಿಜವಾಗಿತ್ತು. ದಕ್ಷಿಣದಲ್ಲಿ ಬೈಬಲ್ಲಿನ ಕೊರತೆ ಬಿದ್ದಾಗ ನ್ಯೂಯಾರ್ಕಿನ ಅಮೆರಿಕನ್ ಬೈಬಲ್ ಸೊಸೈಟಿ ಯುದ್ಧದ ಗಡಿರೇಖೆ ದಾಟಿಸಿ ಪ್ರತಿಗಳನ್ನು ಕಳಿಸಿತ್ತು. ರಿಚ್ಮಂಡ್‌ನ ಪಾದ್ರಿ ಮೋಸೆಸ್ ಹೋಗ್ ನೌಕಾ ದಿಗ್ಬಂಧನ ತಪ್ಪಿಸಿಕೊಂಡು ಇಂಗ್ಲೆಂಡಿಗೇ ಹೋಗಿ ಬೈಬಲ್ ತರಿಸಿದ್ದ.

ಮುಂದಿನ ಭಾಗದಲ್ಲಿ ಲಿಂಕನ್, ಬೇರೆಯವರ ಮುಖದ ಬೆವರಿನಿಂದ ತನ್ನ ರೊಟ್ಟಿ ಹಿಂಡಿಕೊಳ್ಳುವವನು ನ್ಯಾಯವಂತನಾದ ದೇವರ ಸಹಾಯ ಕೇಳುವುದು ವಿಚಿತ್ರ ಎಂದ. ಅಲ್ಲಿಗೇ ನಿಂತಿದ್ದರೆ ಅದು ಶತ್ರುವನ್ನು ಚುಚ್ಚುವ ಮಾತಾಗಿ ಉಳಿಯುತ್ತಿತ್ತು. ಅವನು ನಿಲ್ಲಲಿಲ್ಲ. ತೀರ್ಪು ಕೊಡುವುದು ನಮಗೆ ಬೇಡ ಎಂಬ ಸುವಾರ್ತೆಯ ಮಾತನ್ನು ನೆನೆದು, ಇಬ್ಬರ ಪ್ರಾರ್ಥನೆಯೂ ಪೂರ್ತಿ ಈಡೇರಲಿಲ್ಲ, ದೇವರಿಗೆ ತನ್ನದೇ ಉದ್ದೇಶಗಳಿವೆ ಎಂದ. ಬಳಿಕ ಗುಲಾಮಗಿರಿಯನ್ನು ‘ದಕ್ಷಿಣದ’ ಎನ್ನದೆ ‘ಅಮೆರಿಕದ’ ಗುಲಾಮಗಿರಿ ಎಂದು ಕರೆದ. ಅದೊಂದು ಅಪರಾಧವಾಗಿದ್ದು, ಅದಕ್ಕೆ ತಕ್ಕ ದಂಡವಾಗಿ ದೇವರು ಉತ್ತರ ಮತ್ತು ದಕ್ಷಿಣ ಎರಡಕ್ಕೂ ಈ ಘೋರ ಯುದ್ಧವನ್ನು ಕೊಟ್ಟಿದ್ದರೆ ಅದರಲ್ಲಿ ಅನ್ಯಾಯವೇನು ಎಂದು ಕೇಳಿದ. ಗುಲಾಮನ 250 ವರ್ಷಗಳ ಕೂಲಿಯಿಲ್ಲದ ದುಡಿಮೆಯಿಂದ ಪೇರಿಸಿದ ಸಂಪತ್ತೆಲ್ಲ ಮುಳುಗುವವರೆಗೆ, ಚಾವಟಿ ಸುರಿಸಿದ ಒಂದೊಂದು ಹನಿ ರಕ್ತಕ್ಕೂ ಕತ್ತಿ ಇನ್ನೊಂದು ಹನಿ ತೆರುವವರೆಗೆ ಯುದ್ಧ ನಡೆಯಬೇಕೆಂಬುದೇ ದೇವರ ಇಚ್ಛೆಯಾದರೂ, ಆ ತೀರ್ಪು ನ್ಯಾಯವೆಂದೇ ಒಪ್ಪಬೇಕು ಎಂದ.

ಸೇರಿದವರಲ್ಲಿ ಉತ್ತರದವರೇ ಹೆಚ್ಚು. ಮಗನನ್ನೋ ಅಣ್ಣನನ್ನೋ ಕಳೆದುಕೊಂಡವರು. ನಿಮ್ಮ ಮನೆಯ ಸಾವು ನಿಮ್ಮದೂ ಪಾಲಿರುವ ಪಾಪದ ಸಾಲಕ್ಕೆ ಸಂದಾಯ ಎಂದು ಅವರದೇ ಅಧ್ಯಕ್ಷ ಅವರ ಮುಖಕ್ಕೆ ಹೇಳುತ್ತಿದ್ದ. ಈ ಯೋಚನೆ ಅಂದು ಹೊಳೆದದ್ದಲ್ಲ. ಹತ್ತಿ ಮತ್ತು ಸಕ್ಕರೆಯನ್ನು ನಾವೆಲ್ಲ ಸಂಕೋಚವಿಲ್ಲದೆ ಬಳಸುತ್ತೇವೆ, ಅದರ ವ್ಯಾಪಾರದ ಲಾಭದಲ್ಲಿ ಪಾಲು ಪಡೆಯುತ್ತೇವೆ, ಹಾಗಾಗಿ ಗುಲಾಮಗಿರಿಯ ಹೊಣೆ ದಕ್ಷಿಣದ್ದು ಮಾತ್ರ ಅಲ್ಲ ಎಂದು 1862ರ ಡಿಸೆಂಬರಿನಲ್ಲೇ ಅವನು ಕಾಂಗ್ರೆಸ್‌ಗೆ ಬರೆದಿದ್ದ. 1863ರ ಏಪ್ರಿಲ್ 30ರ ಉಪವಾಸಕ್ಕೆ ಕರೆ ಕೊಟ್ಟಾಗಲೂ ಯುದ್ಧವನ್ನು ರಾಷ್ಟ್ರದ ಪಾಪಗಳಿಗೆ ಬಂದ ಶಿಕ್ಷೆ ಎಂದಿದ್ದ. ಆಗ ಪಾಪದ ಹೆಸರು ಹೇಳಿರಲಿಲ್ಲ. ಈಗ ಹೇಳಿದ.

ಕೊನೆಗೆ ಬಂದದ್ದು ಯಾರ ಮೇಲೂ ಹಗೆ ಬೇಡ, ಎಲ್ಲರ ಮೇಲೂ ಕರುಣೆ ಇರಲಿ, ದೇಶದ ಗಾಯಗಳನ್ನು ಕಟ್ಟೋಣ ಎಂಬ ಹಾರೈಕೆ. ಆ ಹಾರೈಕೆಗೆ ತೂಕ ಬಂದದ್ದು ಅದರ ಹಿಂದಿನ ಮಾತಿನಿಂದ. ಇಬ್ಬರೂ ತಪ್ಪಿತಸ್ಥರು ಎಂದ ಮೇಲೆ ಒಬ್ಬರು ಇನ್ನೊಬ್ಬರನ್ನು ದ್ವೇಷಿಸುವ ಹಕ್ಕು ಎಲ್ಲಿಯದು?

ಅಂದು ಸಂಜೆ ಶ್ವೇತಭವನದ ಸಮಾರಂಭಕ್ಕೆ ಬಂದ ಫ್ರೆಡರಿಕ್ ಡಗ್ಲಸ್‌ನನ್ನು ಪೊಲೀಸರು ಬಾಗಿಲಲ್ಲೇ ತಡೆದರು. ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು, ದೇಶದ ದೊಡ್ಡ ವಾಗ್ಮಿಯಾಗಿ ಬೆಳೆದವನು ಅವನು. ಸುದ್ದಿ ಒಳಗೆ ಮುಟ್ಟಿ, ಅವನನ್ನು ಒಳಬಿಟ್ಟಾಗ ಲಿಂಕನ್ ಎಲ್ಲರ ಮುಂದೆ ಅವನ ಕೈಹಿಡಿದು ಭಾಷಣ ಹೇಗಿತ್ತೆಂದು ಕೇಳಿದ. ಅದೊಂದು ಪವಿತ್ರ ಪ್ರಯತ್ನ ಎಂದು ಡಗ್ಲಸ್ ಉತ್ತರಿಸಿದ. ಹನ್ನೊಂದು ದಿನಗಳ ಬಳಿಕ ರಾಜಕಾರಣಿ ಥರ್ಲೊ ವೀಡ್‌ಗೆ ಬರೆದ ಪತ್ರದಲ್ಲಿ ಲಿಂಕನ್, ಈ ಭಾಷಣ ಕೂಡಲೇ ಜನಪ್ರಿಯವಾಗದೆಂದು ತಾನೇ ಒಪ್ಪಿಕೊಂಡ. ದೇವರ ಉದ್ದೇಶಕ್ಕೂ ತಮ್ಮ ಉದ್ದೇಶಕ್ಕೂ ವ್ಯತ್ಯಾಸವಿದೆ ಎಂದು ತೋರಿಸಿಕೊಟ್ಟರೆ ಜನರಿಗೆ ಹಿತವಾಗುವುದಿಲ್ಲ. ಆದರೂ ಹೇಳಲೇಬೇಕಾದ ಸತ್ಯ ಅದು. ಅದರಲ್ಲಿರುವ ತಲೆತಗ್ಗಿಸುವ ಪಾಲು ಎಲ್ಲರಿಗಿಂತ ಮೊದಲು ತನ್ನ ಮೇಲೆಯೇ ಬೀಳುವುದರಿಂದ ತಾನು ಹೇಳಬಹುದೆಂದುಕೊಂಡೆ ಎಂದು ಬರೆದ.

ಆಮೇಲಿನ ಪೀಠಗಳು

ಏಪ್ರಿಲ್ 2, ಭಾನುವಾರ. ಸೇಂಟ್ ಪಾಲ್ಸ್ ಚರ್ಚಿನಲ್ಲಿ ಪೂಜೆಯ ಮಧ್ಯೆ ಡೇವಿಸ್‌ಗೆ ತಂತಿಯೊಂದು ಬಂತು. ರಕ್ಷಣಾ ಸಾಲು ಮುರಿದಿದೆ, ರಿಚ್ಮಂಡ್ ಬಿಡಬೇಕು ಎಂದು ದಕ್ಷಿಣದ ಸೇನಾಪತಿ ಜನರಲ್ ಲೀ ತಿಳಿಸಿದ್ದ. ಡೇವಿಸ್ ಎದ್ದು ಹೊರನಡೆದ. ಅಂದು ರಾತ್ರಿ ಸರ್ಕಾರವೇ ರೈಲು ಹತ್ತಿ ಡ್ಯಾನ್ವಿಲ್‌ಗೆ ಹೊರಟಿತು. 4ರಂದು ಅಲ್ಲಿಂದ ಹೊರಡಿಸಿದ ಕೊನೆಯ ಸಾರ್ವಜನಿಕ ಮನವಿಯಲ್ಲಿ, ದೇವರ ಎಂದೂ ಕೈಬಿಡದ ಕರುಣೆಯನ್ನು ನಂಬಿ ಹೊಸ ಹುಮ್ಮಸ್ಸಿನಿಂದ ಶತ್ರುವನ್ನು ಎದುರಿಸೋಣ ಎಂದು ಡೇವಿಸ್ ಕರೆಕೊಟ್ಟ. ಅದೇ ದಿನ ಲಿಂಕನ್ ಮಗ ಟ್ಯಾಡ್‌ನ ಕೈಹಿಡಿದು ರಿಚ್ಮಂಡ್‌ನ ಬೀದಿಗಳಲ್ಲಿ ನಡೆದ. ಹೊಸದಾಗಿ ಬಿಡುಗಡೆಯಾದ ಜನ ಸುತ್ತುವರಿದರು. ಐದು ದಿನದ ನಂತರ ಲೀ ಶರಣಾದ.

ಏಪ್ರಿಲ್ 14, ಗುಡ್ ಫ್ರೈಡೆ. ಬೂತ್ ಲಿಂಕನ್‌ನ ಮೇಲೆ ಗುಂಡು ಹಾರಿಸಿದ. 16ರ ಈಸ್ಟರ್ ಭಾನುವಾರ ಉತ್ತರದ ಪಾದ್ರಿಗಳು ಲಿಂಕನ್‌ನನ್ನು ವಾಗ್ದತ್ತ ನಾಡನ್ನು ಕಂಡೂ ಅದರೊಳಗೆ ಕಾಲಿಡದ ಮೋಶೆಗೆ, ಜನರ ಪಾಪಕ್ಕಾಗಿ ಪ್ರಾಣ ಕೊಟ್ಟ ಕ್ರಿಸ್ತನಿಗೆ ಹೋಲಿಸಿದರು. ಮೆದುಮನಸ್ಸಿನ ಅವನಿಂದ ದಕ್ಷಿಣವನ್ನು ದಂಡಿಸಲು ಆಗದೆಂದೇ ದೇವರು ಅವನನ್ನು ಕರೆಸಿಕೊಂಡ ಎಂದು ವಿವರಿಸಿದ ಪಾದ್ರಿಗಳೂ ಇದ್ದರು. ದೇವರ ಉದ್ದೇಶ ತಮಗೆ ಗೊತ್ತೆನ್ನುವ ಖಚಿತತೆಯನ್ನು ಲಿಂಕನ್ ಆರು ವಾರದ ಹಿಂದಷ್ಟೇ ನಿರಾಕರಿಸಿದ್ದ. ಅದೇ ಖಚಿತತೆ ಅವನ ಶವದ ಮೇಲೆಯೇ ಮತ್ತೆ ಮಾತಾಡಿತು. ದಕ್ಷಿಣದ ಪೀಠಗಳೂ ಬದಲಾಗಲಿಲ್ಲ. ಸೋಲು ಭಕ್ತರನ್ನು ಪುಟಕ್ಕಿಡುವ ಬೆಂಕಿ, ಗುಲಾಮಗಿರಿಯ ಮೇಲಿನ ತೀರ್ಪಲ್ಲ ಎಂಬ ವಾದ ಅಲ್ಲಿ ತಲೆಮಾರುಗಟ್ಟಲೆ ನಡೆಯಿತು.

1922ರ ಮೇ 30ರಂದು ವಾಷಿಂಗ್ಟನ್ನಿನಲ್ಲಿ ಲಿಂಕನ್ ಸ್ಮಾರಕದ ಉದ್ಘಾಟನೆಯಾಯಿತು. ಉತ್ತರದ ಗೋಡೆಯಲ್ಲಿ ಆ ಎರಡನೆಯ ಪ್ರಮಾಣವಚನದ ಭಾಷಣವನ್ನು ಪೂರ್ತಿಯಾಗಿ ಕೆತ್ತಿದ್ದಾರೆ. ಚಾವಟಿ ಮತ್ತು ಕತ್ತಿಯ ಸಾಲುಗಳೂ ಅದರಲ್ಲಿವೆ. ಅಂದಿನ ಸಮಾರಂಭ ಒತ್ತಿಹೇಳಿದ್ದು ಉತ್ತರ-ದಕ್ಷಿಣದ ಬಿಳಿಯರ ರಾಜಿಯನ್ನು. ಆಹ್ವಾನ ಪಡೆದು ಬಂದ ಕರಿಯರನ್ನು ಬೇರೆಯಾಗಿ, ಕಾವಲಿನಲ್ಲಿ ಕೂರಿಸಿದ್ದರು. ಕರಿಯರ ವಿದ್ಯಾಸಂಸ್ಥೆಯಾದ ಟಸ್ಕೀಗಿಯ ಮುಖ್ಯಸ್ಥ ರಾಬರ್ಟ್ ಮೋಟನ್ ಮಾತಾಡಬೇಕಿತ್ತು. ದೇಶದ ಎಲ್ಲರಿಗೂ ಸಮಾನತೆ ಸಿಗದ ಹೊರತು ಈ ಸ್ಮಾರಕ ಪೊಳ್ಳು ಎಂಬ ಅರ್ಥದ ಮಾತುಗಳು ಅವನ ಕರಡಿನಲ್ಲಿದ್ದವು. ಸ್ಮಾರಕ ಆಯೋಗ ಮುಂಚಿತವಾಗಿಯೇ ಕರಡನ್ನು ತರಿಸಿಕೊಂಡು, ಆ ಭಾಗಗಳನ್ನು ತೆಗೆಸಿ, ಉಳಿದದ್ದನ್ನು ಓದಲು ಅನುಮತಿ ಕೊಟ್ಟಿತು.